ಇಲ್ಲದ ಸಿ ಡ್ರೈವ್

ಅಪ್ಪ ನಿವೃತ್ತರಾದ ಮೇಲೆ ಕನ್ನಡ ಬೆರಳಚ್ಚು ಕಲಿತದ್ದು ವಿಂಡೋಸ್ ಎಕ್ಸ್‌ಪಿ ಇದ್ದ ಹಳೆಯ ಕಂಪ್ಯೂಟರಿನಲ್ಲಿ. ಅದು ಗುಜರಿಗೆ ಹೋಗಿ ವರ್ಷಗಳಾದವು. ಅವರು ಟೈಪಿಸಿದ ವಂಶಾವಳಿ, ಹಬ್ಬದ ಸಾಮಾನಿನ ಪಟ್ಟಿ, ಪತ್ರಿಕೆಗೆ ಕಳಿಸದೆ ಉಳಿದ ವಾಚಕರ ಪತ್ರಗಳು ಮಾತ್ರ ಪೆನ್‌ಡ್ರೈವ್‌ನಲ್ಲಿ ಕುಳಿತಿವೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತಕ್ಕಿಂತ ಹಿಂದಿನ ಜಾಯಮಾನದ ಅಕ್ಷರಗಳು ಅವು. ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಬದಲು, ತಲೆಯ ಮೇಲೆ ಕೊಂಬು ಮತ್ತು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ! ಓದಬೇಕೆಂದರೆ ಅಪ್ಪನ ಹಳೆಯ ತಂತ್ರಾಂಶವೇ ಬೇಕು. ಅದೋ, ವಿಂಡೋಸ್‌ನ ಹೊಸ್ತಿಲು ದಾಟದ ಜೀವ.

ವಿಂಡೋಸ್‌ನ ಎಕ್ಸಿ ಕಡತಗಳೆಲ್ಲ, ಅಂದರೆ ಓಡಿಸಬಲ್ಲ ತಂತ್ರಾಂಶಗಳೆಲ್ಲ, ‘ಎಂ’, ‘ಝಡ್’ ಎಂಬ ಎರಡು ಅಕ್ಷರಗಳಿಂದಲೇ ಶುರುವಾಗುತ್ತವೆ. ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದಲ್ಲಿ ಈ ಕಡತದ ಸ್ವರೂಪ ರೂಪಿಸಿದ ಮೈಕ್ರೋಸಾಫ್ಟ್‌ನ ಮಾರ್ಕ್ ಝ್ಬಿಕೋವ್‌ಸ್ಕಿ ತಮ್ಮ ಇನಿಷಿಯಲ್ಲನ್ನೇ ಅಲ್ಲಿ ಕೂರಿಸಿದರು. ಲಿನಕ್ಸ್ ತನ್ನವರ ತಲೆಯಲ್ಲಿ ‘ಇ ಎಲ್ ಎಫ್’ ಹುಡುಕುತ್ತದೆ. ಗೋತ್ರವೇ ಬೇರೆ. ಹಾಗೆಂದು ರಕ್ತ ಬೇರೆಯಲ್ಲ. ಪ್ರೊಸೆಸರಿಗೆ ಕೂಡು, ಕಳೆ ಎನ್ನುವ ಆಜ್ಞೆಗಳು ಎರಡರಲ್ಲೂ ಒಂದೇ. ‘ಕಡತ ತೆಗೆ’, ‘ಕಿಟಕಿ ಬಿಡಿಸು’ ಎಂದು ಮನೆಯವರನ್ನು, ಅಂದರೆ ವಿಂಡೋಸನ್ನೋ ಲಿನಕ್ಸನ್ನೋ, ಕೇಳುವ ರೀತಿಯಲ್ಲಿ ತಕರಾರು.

ಆ ಕೇಳಿಕೆಯನ್ನು ಲಿನಕ್ಸಿಗೆ ತಿಳಿಯುವಂತೆ ದಾಟಿಸುವ ದುಭಾಷಿಯ ಹೆಸರು ವೈನ್. ‘ಲ್ಯಾಪ್‌ಟಾಪಿಗೆ ವೈನ್ ಹಾಕಿದ್ದೇನೆ’ ಎಂದಾಗ ಅಮ್ಮ ಒರೆಸುವ ಬಟ್ಟೆ ತಂದರು. ‘ವೈನ್ ಎಮ್ಯುಲೇಟರ್ ಅಲ್ಲ’ ಎಂಬುದು ಆ ಹೆಸರಿನ ವಿಸ್ತರಣೆ, ಎಮ್ಯುಲೇಟರ್ ಎಂದರೆ ಬೇರೊಂದು ಯಂತ್ರದಂತೆ ನಟಿಸುವ ತಂತ್ರಾಂಶ ಎಂದು ವಿವರಿಸಿದೆ. ಅವರ ಅನುಮಾನ ಕಡಿಮೆಯಾಗಲಿಲ್ಲ. 1993ರಲ್ಲಿ ಶುರುವಾದ ಈ ಕೆಲಸ 1.0 ಆವೃತ್ತಿ ಕಂಡದ್ದು 2008ರಲ್ಲಿ. ಅಷ್ಟರಲ್ಲಿ ಕೂಸು ಎಸ್ಸೆಸ್ಸೆಲ್ಸಿಗೆ ಬಂದಿರುತ್ತದೆ.

ನನಗೆ ಇಷ್ಟವಾದದ್ದು ಅದು ಮಾಡುವ ಉಪಚಾರ. ಲಿನಕ್ಸಿನಲ್ಲಿ ಸಿ ಡ್ರೈವ್ ಎಂಬುದೇ ಇಲ್ಲ. ಬಂದ ಅತಿಥಿಗೆ ಅದನ್ನು ಹೇಳುವುದು ಹೇಗೆ? ವೈನ್ ಒಂದು ಗುಪ್ತ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರು ಮಾಡಿ ಅದೇ ಸಿ ಡ್ರೈವ್ ಎನ್ನುತ್ತದೆ. ಅದರೊಳಗೆ ‘ಪ್ರೋಗ್ರಾಂ ಫೈಲ್ಸ್’, ‘ವಿಂಡೋಸ್’, ‘ಫಾಂಟ್ಸ್’. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿ ಕೇಳಿದರೆ ಬರೆದಿಟ್ಟ ಪಠ್ಯ ಕಡತ ತೋರಿಸುತ್ತದೆ. ಅಪ್ಪನ ಫಾಂಟುಗಳನ್ನು ಆ ಸುಳ್ಳು ಮನೆಯ ಸುಳ್ಳು ಕಪಾಟಿಗೆ ಹಾಕಿದೆ. ತಂತ್ರಾಂಶ ತೆರೆದುಕೊಂಡಿತು, ಅದೇ ಬೂದು ಗುಂಡಿಗಳೊಂದಿಗೆ. ಹಿಂದೆ ಟರ್ಮಿನಲ್ ಎಂಬ ಆಜ್ಞೆಗಳ ಕಿಟಕಿಯಲ್ಲಿ ಮಾತ್ರ ‘ಫಿಕ್ಸ್‌ಮಿ, ಫಿಕ್ಸ್‌ಮಿ’ (ಸರಿಪಡಿಸಿ, ಸರಿಪಡಿಸಿ) ಎಂಬ ಸಾಲುಗಳು ಸುರಿಯುತ್ತಿದ್ದವು. ಮದುವೆಮನೆಯ ಅಡುಗೆಯವರು ಒಳಗೆ ‘ಕೊಬ್ಬರಿ ಸಾಲದು, ಸೌದೆ ಹಸಿ’ ಎಂದು ಗೊಣಗುತ್ತಿದ್ದರೂ ಪಂಕ್ತಿಗೆ ಹೋಳಿಗೆ ಬರುತ್ತದಲ್ಲ, ಹಾಗೆ.

ಅಪ್ಪ ಕನ್ನಡಕ ಏರಿಸಿ ಕುಳಿತರು. ಎಲ್ಲಿಯೂ ಏನೂ ಬದಲಾಗಿದೆ ಎಂದು ಅವರಿಗೆ ಅನ್ನಿಸಿದಂತಿರಲಿಲ್ಲ. ಬೀದಿದೀಪದ ಕುರಿತ ತಮ್ಮ ಪತ್ರ ಓದಿ, ‘ದೀಪ ಇನ್ನೂ ಹತ್ತಿಲ್ಲ, ಕಳಿಸಿಬಿಡಬಹುದು’ ಎಂದು ಒಂದು ಅಲ್ಪವಿರಾಮ ತಿದ್ದಿದರು. ಎಲ್ಲಿ ಉಳಿಸಲಿ ಎಂದು ತಂತ್ರಾಂಶ ಕೇಳಿತು.

‘ಸಿ ಡ್ರೈವಿನಲ್ಲೇ ಇಡಪ್ಪ’ ಎಂದರು. ಇಟ್ಟೆ.