ಇಲ್ಲದ ಮನುಷ್ಯ ತೆಗೆದ ಬೀಗ

ನಮ್ಮ ಸೋದರಮಾವ ಸರ್ಕಾರಿ ಕಚೇರಿಯೊಂದಕ್ಕೆ ದಿನಗೂಲಿಯಾಗಿ ಸೇರಿದ್ದು 1987ರಲ್ಲಿ. 1984ರ ಜುಲೈ 1ರ ನಂತರ ಸೇರಿದ ದಿನಗೂಲಿಗಳನ್ನೆಲ್ಲ ಕೈಬಿಡಿ ಎಂದು ಸರ್ಕಾರ ಆದೇಶ ಹೊರಡಿಸಿ ಆಗಲೇ ಮೂರು ವರ್ಷವಾಗಿತ್ತು. ಆ ಆದೇಶದ ಪ್ರತಿಯನ್ನು ಫೈಲಿಗೆ ಪೋಣಿಸಲು ಕಚೇರಿಯಲ್ಲಿ ಜನ ಇರಲಿಲ್ಲ. ಅದಕ್ಕೇ ಮಾವನನ್ನು ತೆಗೆದುಕೊಂಡರು.

ದಿನಗೂಲಿಯವರು ಸತತವಾಗಿ ದುಡಿದುಬಿಟ್ಟರೆ ನಾಳೆ ಹಕ್ಕು ಕೇಳುತ್ತಾರಲ್ಲ, ಅದಕ್ಕಾಗಿ 89 ದಿನಕ್ಕೊಮ್ಮೆ ಒಂದು ದಿನ ಬ್ರೇಕ್. ಹಾಜರಿ ಬರೆಯುವ ಮಸ್ಟರ್ ರೋಲಿನಲ್ಲಿ ಆ ದಿನದ ಚೌಕಕ್ಕೆ ಕೆಂಪು ಇಂಕಿನ ಗೆರೆ. ಆದರೆ ಕೀ ಗೊಂಚಲು ಇರುತ್ತಿದ್ದದ್ದು ಮಾವನ ಸೊಂಟದಲ್ಲಿ. ಹಾಗಾಗಿ ಬ್ರೇಕಿನ ದಿನವೂ ಒಂಬತ್ತೂವರೆಗೆ ಹೋಗಿ, ಬೀಗ ತೆಗೆದು, ಕಸ ಗುಡಿಸಿ, ಸಾಹೇಬರ ಟೇಬಲ್ಲಿಗೆ ನೀರಿಟ್ಟು, ತಾವು ಇವತ್ತು ಕೆಲಸದಲ್ಲಿಲ್ಲ ಎಂದು ಬರೆದಿದ್ದ ಮಸ್ಟರ್ ರೋಲನ್ನು ತಾವೇ ಒಯ್ದು ಸಹಿಗೆ ಇಡುತ್ತಿದ್ದರು. ಸಾಹೇಬರು ಸಹಿ ಹಾಕಿ, "ಒಂದು ಕಾಫಿ ತಗೊಂಬಾ" ಅನ್ನುತ್ತಿದ್ದರು. ಇಲ್ಲದ ಮನುಷ್ಯ ಕಾಫಿ ತರುತ್ತಿದ್ದ.

2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉಮಾದೇವಿ ಪ್ರಕರಣದ ತೀರ್ಪು ಕೊಟ್ಟಿತು. ದೇಶದ ದಿನಗೂಲಿಗಳೆಲ್ಲ ಬಾಯಿಪಾಠ ಮಾಡಿರುವ ಈ ಹೆಸರು ನಮ್ಮ ಕರ್ನಾಟಕದ ಕೊಡುಗೆ. ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡುವಂತಿಲ್ಲ, ಆದರೆ ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದ ಅರ್ಹರಿಗೆ ಒಂದು ಸಲಕ್ಕೆ ದಾರಿ ಮಾಡಿಕೊಡಿ ಎಂದಿತು. ಅದಕ್ಕೆ ಒಂಬತ್ತು ದಿನ ಮೊದಲೇ ರಾಜ್ಯ ಸರ್ಕಾರ ಹಳೇ ಪಿಂಚಣಿಯ ಬಾಗಿಲು ಹಾಕಿಯಾಗಿತ್ತು. ಏಪ್ರಿಲ್ 1ರಿಂದ ಸೇರಿದವರಿಗೆಲ್ಲ ಸಂಬಳದಿಂದ ದುಡ್ಡು ಮುರಿದುಕೊಳ್ಳುವ, ಇಷ್ಟೇ ಎಂಬ ಖಾತರಿಯಿಲ್ಲದ ಹೊಸ ಪಿಂಚಣಿ, ಎನ್‌ಪಿಎಸ್. ಆ ತಾರೀಕು ಆರಿಸಿದವರಿಗೆ ಹಾಸ್ಯಪ್ರಜ್ಞೆ ಇಲ್ಲ ಅನ್ನುವ ಹಾಗಿಲ್ಲ.

ಮಾವನಿಗೆ ಕಾಯಂ ಆದೇಶ ಸಿಕ್ಕಿದ್ದು 2008ರಲ್ಲಿ, 48ನೇ ವಯಸ್ಸಿಗೆ. ಸರ್ಕಾರದ ಲೆಕ್ಕದಲ್ಲಿ ಅವತ್ತೇ ಅವರು ಹುಟ್ಟಿದ್ದು. ಹೊಸ ನೌಕರ ಅಂದಮೇಲೆ ವೈದ್ಯಕೀಯ ಪರೀಕ್ಷೆ ಆಗಬೇಕಲ್ಲ? ಇಪ್ಪತ್ತೊಂದು ವರ್ಷ ಕಬ್ಬಿಣದ ಬೀರು ಹೊರಿಸಿದ ಬೆನ್ನು ಕೆಲಸಕ್ಕೆ ಯೋಗ್ಯವೋ ಅಲ್ಲವೋ ಎಂದು ತಟ್ಟಿ ನೋಡಿದರು. ಯೋಗ್ಯ ಎಂದು ಬರೆದುಕೊಟ್ಟರು. ಪಾಪ, ಆ ಡಾಕ್ಟರೇ ಮಾವನಿಗಿಂತ ಜೂನಿಯರ್.

2020ರಲ್ಲಿ ನಿವೃತ್ತಿ. ಈಗ ತಿಂಗಳಿಗೆ ಬರುವ ದುಡ್ಡಿನಲ್ಲಿ ಒಂದು ಸಿಲಿಂಡರ್ ಕೊಂಡರೆ ಮಿಕ್ಕಿದ್ದು ಬಿಪಿ ಮಾತ್ರೆಗೆ. ಆ ಕಚೇರಿಯಿಂದ ಮಹಾಲೇಖಪಾಲರಿಗೆ ಹೋದ ಪಿಂಚಣಿ ಕಾಗದಗಳಿಗೆಲ್ಲ ಪಂಚ್ ಹೊಡೆದು ಟ್ಯಾಗ್ ಕಟ್ಟಿದ್ದು ಮಾವನ ಕೈ. ಹಳೆಯ 21 ವರ್ಷವನ್ನೂ ಸೇವೆಗೆ ಸೇರಿಸಿ ಎಂದು ಅರ್ಜಿ ಹಾಕಿದರು. ಹಿಂಬರಹ ಬಂತು: "ಸದರಿಯವರ ದಿನಗೂಲಿ ಸೇವೆಯಲ್ಲಿ ನಿರಂತರತೆ ಕಂಡುಬರದ ಕಾರಣ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ."

ನಾನು ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. 21 ವರ್ಷಕ್ಕೆ ಹೆಚ್ಚೂಕಮ್ಮಿ 85 ಕೆಂಪು ಗೆರೆ. ಏಳೂವರೆ ಸಾವಿರ ದಿನಗಳನ್ನು 85 ದಿನ ನುಂಗಿ ನೀರು ಕುಡಿದಿವೆ. ಇರಲಿ, ಆ 85 ದಿನ ಕಚೇರಿಯ ಬೀಗ ತೆಗೆದವರು ಯಾರು? ಅತಿಕ್ರಮ ಪ್ರವೇಶವೆಂದು ಮಾವನ ಮೇಲೆ ಕೇಸಾದರೂ ಹಾಕಬೇಕಿತ್ತು. ಎಫ್‌ಐಆರ್ ಆಗಿದ್ದರೆ ಹಾಜರಿಗೆ ಅದಾದರೂ ದಾಖಲೆಯಾಗುತ್ತಿತ್ತು.

ರೈಲ್ವೆಯವರು ಕೊಂಚ ಉದಾರಿಗಳು. ಕಾಯಂ ಆದ ಕ್ಯಾಶುವಲ್ ಕೂಲಿಯ ಹಳೇ ಸೇವೆಯಲ್ಲಿ ಅರ್ಧ ಪಿಂಚಣಿಗೆ ಸೇರುತ್ತದೆ. ಎಡಗಡೆಯ ಹಳಿ ಲೆಕ್ಕಕ್ಕೆ, ಬಲಗಡೆಯದು ಧರ್ಮಕ್ಕೆ. ಉತ್ತರ ಪ್ರದೇಶದಲ್ಲಿ ಕಾಮಗಾರಿಯ ಖರ್ಚಿನಲ್ಲೇ ಸಂಬಳ ಪಡೆಯುತ್ತಿದ್ದ ವರ್ಕ್‌ಚಾರ್ಜ್ ನೌಕರರ ಹಳೇ ಸೇವೆಯನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಾವನಿಗೆ ಆ ತೀರ್ಪು ಓದಿ ಹೇಳಿದೆ. "ಅಷ್ಟು ದೂರ ಹೋಗೋಕೆ ಬಸ್ ಚಾರ್ಜು ಯಾರು ಕೊಡ್ತಾರಯ್ಯಾ?" ಅಂದರು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಕಚೇರಿಯ ಹೊಸ ಹುಡುಗ, ಹೊರಗುತ್ತಿಗೆಯವನು. ರೆಕಾರ್ಡ್ ರೂಮಿನ ಬೀಗ ಬರುತ್ತಿಲ್ಲವಂತೆ.

"ಹಿತ್ತಾಳೆ ಕೀ ಹಾಕಪ್ಪಾ. ಬಾಗಿಲು ಒಂಚೂರು ಎತ್ತಿ ಎಡಕ್ಕೆ ತಿರುಗಿಸು... ಬಂತಾ? ನಿನ್ನ ಏಜೆನ್ಸಿ ಎಲ್ಲೀವರೆಗೆ?"

"ಮಾರ್ಚ್ 31ಕ್ಕೆ ಟೆಂಡರ್ ಮುಗಿಯುತ್ತೆ ಸಾರ್. ಒಂದು ದಿನ ಬಿಟ್ಟು ಬೇರೆ ಏಜೆನ್ಸಿ ಹೆಸರಲ್ಲಿ ತಗೋತಾರಂತೆ."

"ಹಂಗಾದ್ರೆ 31ರ ರಾತ್ರಿ ಮರೀದೆ ಕೀ ಮನೆಗೆ ತಗೊಂಡ್ಹೋಗು," ಅಂದರು ಮಾವ.