ಆಟ ನಿಲ್ಲಿಸಿ, ಗೇಮ್ಸ್ ಶುರು!

ಅಕ್ಕನ ಮೊಮ್ಮಗನಿಗೆ ಮೊನ್ನೆ ಭಾನುವಾರ ಐದು ತುಂಬಿತು. ಆಹ್ವಾನ ವಾಟ್ಸಾಪ್‌ನಲ್ಲಿ ಬಂತು. ಹುಡುಗ ಡೈನೋಸಾರ್ ಬೆನ್ನ ಮೇಲೆ ಕೂತಿದ್ದಾನೆ. ಕೆಳಗೆ ‘ಥೀಮ್: ಡೈನೋ. ಡ್ರೆಸ್ ಕೋಡ್: ಹಸಿರು’. ನನ್ನ ಹತ್ತಿರ ಹಸಿರು ಅಂತ ಇರುವುದು ಒಂದೇ ಒಂದು ಶಾಲು. ಅದನ್ನು ಹೆಗಲಿಗೆ ಹಾಕಿಕೊಂಡು ಹೋದೆ. ರೈತ ಸಂಘದವರು ಧರಣಿಗೆ ಬಂದರು ಅಂದುಕೊಂಡು ಸೆಕ್ಯುರಿಟಿಯವನು ಗೇಟಿನಲ್ಲೇ ತಡೆದ.

ಪಾರ್ಟಿ ಇದ್ದದ್ದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ. ಐದೂವರೆಗೆ ಅಂದಿದ್ದರು, ನಾನು ಐದೂವರೆಗೇ ಹೋದೆ. ಹಳೇ ಚಾಳಿ. ಒಳಗೆ ಸೋದರಳಿಯ ಫೋನನ್ನು ಕಿವಿಗೆ ಒತ್ತಿಕೊಂಡು ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದ.

“ಏನಾಯ್ತೋ?”

“ಆಂಕರ್ ಸಿಲ್ಕ್ ಬೋರ್ಡ್ ಹತ್ರ ಸಿಕ್ಕಾಕೊಂಡಿದ್ದಾನೆ ಮಾವ. ಮಕ್ಕಳೆಲ್ಲ ಬಂದುಬಿಟ್ಟಿದ್ದಾರೆ. ಇನ್ನೊಂದು ಗಂಟೆ ಇವರನ್ನ ಹೇಗೆ ಎಂಗೇಜ್ ಮಾಡೋದು ಹೇಳಿ?”

ಮಕ್ಕಳ ಕಡೆ ನೋಡಿದೆ. ಒಟ್ಟು ಇಪ್ಪತ್ತೆರಡು. ಡೆಕೊರೇಷನ್ ಸಾಮಾನು ಬಂದಿದ್ದ ದೊಡ್ಡ ರಟ್ಟಿನ ಡಬ್ಬದೊಳಗೆ ಮೂವರು ಒತ್ತಿಕೊಂಡು ಕೂತಿದ್ದರು. ಹಿಂದೆ ಎಂಟು ಜನ ಒಬ್ಬರ ಅಂಗಿ ಒಬ್ಬರು ಹಿಡಿದು ನಿಂತಿದ್ದರು. ಅದು ಬಸ್ಸಂತೆ. ಮೆಜೆಸ್ಟಿಕ್‌ಗೆ ಹೋಗುತ್ತದಂತೆ. ಎರಡು ಜಡೆಯ ಪುಟ್ಟಿಯೊಬ್ಬಳು ಕಂಡಕ್ಟರ್. ಟಿಶ್ಯೂ ಪೇಪರ್ ಹರಿದು ಟಿಕೆಟ್ ಕೊಡುತ್ತಿದ್ದಳು. “ಹುಡುಗೀರಿಗೆ ಫ್ರೀ, ಹುಡುಗರು ದುಡ್ಡು ಕೊಡ್ಬೇಕು. ಚಿಲ್ಲರೆ ಇಲ್ಲ, ಹಿಂದ್ಗಡೆ ಬರ್ಕೊಡ್ತೀನಿ.” ಶಕ್ತಿ ಯೋಜನೆ ಶುರುವಾದ 2023ರ ಜೂನ್‌ನಲ್ಲಿ ಈ ಕಂಡಕ್ಟರಮ್ಮ ಇನ್ನೂ ಡಯಾಪರ್‌ನಲ್ಲಿ ಇದ್ದಿರಬೇಕು. ಉಳಿದವರು ಊಟದ ಮೇಜಿನ ಬಟ್ಟೆ ಕೆಳಗೆ ಅಡಗಿದ್ದರು. ಹುಡುಕುವವನಿಗೆ ಇಪ್ಪತ್ತರವರೆಗೆ ಎಣಿಸಲು ಬರುತ್ತಿರಲಿಲ್ಲ. ಹನ್ನೆರಡಕ್ಕೆ ಹೋಗಿ ಮತ್ತೆ ಒಂದಕ್ಕೆ ಬರುತ್ತಿದ್ದ.

“ಎಂಗೇಜ್ ಆಗೇ ಇದ್ದಾರಲ್ಲೋ,” ಅಂದೆ.

“ಅಯ್ಯೋ, ಅದು ಸುಮ್ನೆ ಆಡ್ತಿರೋದು ಮಾವ!”

ಆಟ ಅಂದರೆ ಸುಮ್ನೆ ಆಡುವುದು ಅಂತ ನಾನು ಅರವತ್ತು ವರ್ಷದಿಂದ ತಿಳಿದುಕೊಂಡಿದ್ದೆ. ಅಳಿಯ ಫೋನಿನಲ್ಲಿ ಕೊಟೇಷನ್ ತೋರಿಸಿದ. ಸಿಲ್ವರ್, ಗೋಲ್ಡ್, ಪ್ಲಾಟಿನಂ. ಇವನದು ಗೋಲ್ಡ್. ‘ಫನ್ ಗೇಮ್ಸ್: 6, ಆಂಕರ್: 1, ಬಬಲ್ ಮಷೀನ್: 1, ನಗು: ಅನ್‌ಲಿಮಿಟೆಡ್’. ಎಲ್ಲಕ್ಕೂ ಸೇರಿ ಕೆಳಗೆ ಶೇ 18 ಜಿಎಸ್‌ಟಿ. ಕಣ್ಣಾಮುಚ್ಚಾಲೆಯೂ ಆ ಆರರಲ್ಲಿ ಒಂದು. ಮೇಜಿನ ಕೆಳಗೆ ಅಡಗಿದ್ದವರು ಪಾಪ, ಅದನ್ನೇ ತೆರಿಗೆ ಕಟ್ಟದೆ ಆಡುತ್ತಿದ್ದರು.

ಆರೂ ನಲವತ್ತಕ್ಕೆ ಆಂಕರ್ ಬಂದ. ಮಿರಮಿರ ಮಿಂಚುವ ಕೋಟು, ಕಿವಿಯಿಂದ ಬಾಯಿಗೆ ಬಾಗಿದ ಮೈಕು. ಬಂದವನೇ ಗುಡುಗಿದ:

“ಹಲೋ ಕಿಡ್ಸ್! ಎಲ್ಲರೂ ಆಟ ನಿಲ್ಲಿಸಿ! ಈಗ ಗೇಮ್ಸ್ ಶುರು!”

ಮೆಜೆಸ್ಟಿಕ್ ಬರುವ ಮೊದಲೇ ಬಸ್ಸು ಖಾಲಿಯಾಯಿತು. ಕಂಡಕ್ಟರಮ್ಮ ಯಾರಿಗೂ ಬಾಕಿ ಚಿಲ್ಲರೆ ಕೊಡಲಿಲ್ಲ. ಹೌಸ್‌ಕೀಪಿಂಗ್ ಹುಡುಗ ಬಂದು ಬಸ್ಸನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದ.

ಮೊದಲು ಮ್ಯೂಸಿಕಲ್ ಚೇರ್. ಒಂದು ಕುರ್ಚಿ ತೆಗೆಯಲು ಆಂಕರ್ ಕೈ ಹಾಕಿದ್ದೇ ತಡ, ಒಬ್ಬರು ಅಮ್ಮ ಓಡಿ ಬಂದರು. “ಬೇಡಿ, ಔಟ್ ಆದ್ರೆ ಅವನಿಗೆ ಡಿಸ್ಟರ್ಬ್ ಆಗತ್ತೆ.” ಹಿಂದೆಯೇ ಇನ್ನಿಬ್ಬರು ಬಂದರು. ಸರಿ, ಇಪ್ಪತ್ತೆರಡು ಮಕ್ಕಳಿಗೆ ಇಪ್ಪತ್ತೆರಡು ಕುರ್ಚಿ. ಹಾಡು ನಿಂತಿತು, ಎಲ್ಲರೂ ಕೂತರು. ಹಾಡು ಬಂತು, ಎಲ್ಲರೂ ಎದ್ದರು. ಹೀಗೆ ಕಾಲು ಗಂಟೆ. ಯಾರೂ ಕುರ್ಚಿ ಕಳೆದುಕೊಳ್ಳದ ಈ ಆಟದ ವಿಷಯ ವಿಧಾನಸೌಧಕ್ಕೆ ಗೊತ್ತಾದರೆ ನಾಳೆಯೇ ಸರ್ಕಾರಿ ಆದೇಶ ಹೊರಡುತ್ತದೆ. ಕೊನೆಗೆ ಎಲ್ಲರಿಗೂ ಫಸ್ಟ್ ಪ್ರೈಜ್. ಫೋಟೋದವನು ಮಾತ್ರ “ಇನ್ನೊಂದ್ ಸಲ ಗೆಲ್ಲಿ, ಲೈಟ್ ಸರಿ ಬಂದಿಲ್ಲ” ಅಂದ. ಪಾಪ, ಮತ್ತೆ ಗೆದ್ದರು.

ಆಮೇಲೆ ಪೇಪರ್ ಡ್ಯಾನ್ಸು, ಬಲೂನ್ ಒಡೆಯುವುದು. ಎಲ್ಲ ಸಾಲಿನಲ್ಲಿ, ಎತ್ತರದ ಪ್ರಕಾರ. ಒಬ್ಬನ ಸರದಿ ಬರುವವರೆಗೆ ಇಪ್ಪತ್ತೊಂದು ಜನ ಮುಂದಿನವನ ಕತ್ತು ನೋಡಿಕೊಂಡು ನಿಲ್ಲಬೇಕು. ರೇಷನ್ ಅಂಗಡಿಯ ಟ್ರೈನಿಂಗ್ ಅಂದುಕೊಂಡರೆ ಬಹಳ ಚೆನ್ನಾಗಿತ್ತು. ಮಧ್ಯೆ ಮಧ್ಯೆ ಆಂಕರ್ “ಎನರ್ಜಿ ಸಾಲ್ತಿಲ್ಲ! ಕೇಳಿಸ್ತಿಲ್ಲ!” ಅಂತ ಕೂಗುತ್ತಿದ್ದ. ಆ ಸ್ಪೀಕರ್ ಪಕ್ಕ ನಿಂತವನಿಗೆ ಏನು ತಾನೇ ಕೇಳಿಸೀತು! 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ಮೀರಬಾರದು. ಅಂದರೆ ಹೆಚ್ಚುಕಮ್ಮಿ ನಾವು ನೀವು ಎದುರುಬದುರು ಕೂತು ಮಾತಾಡುವಷ್ಟು ಸದ್ದು. ಇಲ್ಲಿ ನನ್ನ ಹಲ್ಲಿನ ಸೆಟ್ಟೇ ನಡುಗುತ್ತಿತ್ತು.

ನಾಲ್ಕನೇ ಆಟದಲ್ಲಿ ನನ್ನ ಗ್ರಹಚಾರ ಕೆಟ್ಟಿತು. ಆಂಕರ್ ಹೇಳಿದ ವಸ್ತುವನ್ನು ಮಕ್ಕಳು ಓಡಿಹೋಗಿ ತರಬೇಕು. ಮೊದಲು ಹತ್ತು ರೂಪಾಯಿ ನೋಟು ಕೇಳಿದ. ಫೋನ್‌ಪೇ ಕಾಲದಲ್ಲಿ ಯಾರ ಜೇಬಿನಲ್ಲಿ ನೋಟು ಇರುತ್ತದೆ? ಆಟ ಅಲ್ಲೇ ಬಿತ್ತು. ಆಮೇಲೆ ಅಪ್ಪನ ಬೆಲ್ಟು. ಹನ್ನೊಂದು ಜನ ಅಪ್ಪಂದಿರು ಒಂದು ಕೈಯಲ್ಲಿ ಪ್ಯಾಂಟು, ಒಂದು ಕೈಯಲ್ಲಿ ಸಮೋಸ ಹಿಡಿದು ನಿಂತರು. ಮೂರನೆಯದು:

“ಒಂದು ಬಿಳೀ ಕೂದಲು!”

ಎರಡು ಕ್ಷಣ ಹಾಲ್ ಪೂರ್ತಿ ನಿಶ್ಶಬ್ದ. ಇಪ್ಪತ್ತೆರಡು ತಲೆಗಳು ನಿಧಾನಕ್ಕೆ ನನ್ನ ಕಡೆ ತಿರುಗಿದವು. ಉಳಿದವರೆಲ್ಲ ಡೈ ಹಾಕಿದ್ದರು. ನಾನು ಹಸಿರು ಶಾಲು ತಲೆ ಮೇಲೆ ಎಳೆದುಕೊಳ್ಳುವಷ್ಟರಲ್ಲಿ ದಂಡು ಬಂದೇಬಿಟ್ಟಿತ್ತು. ಸಂಜೆಯೆಲ್ಲ ಕಾಣದಿದ್ದ ಎನರ್ಜಿ ಆಗ ಕಂಡಿತು ನೋಡಿ. ಒಂದೇ ಸಾಕಾಗಿತ್ತು, ಕಂಡಕ್ಟರಮ್ಮ ನಾಲ್ಕು ಕಿತ್ತಳು. ಎಲ್ಲರ ಮೊಬೈಲೂ ರೆಕಾರ್ಡ್ ಮಾಡಿತು. “ತುಂಬಾ ಕ್ಯೂಟ್ ಅಂಕಲ್” ಅಂದರು ಯಾರೋ.

ತಲೆ ಸವರಿಕೊಳ್ಳುತ್ತಾ ಹೊರಗೆ ಬಂದೆ. ಬಾಗಿಲ ಪಕ್ಕದಲ್ಲೇ ಅಸೋಸಿಯೇಷನ್ ಬೋರ್ಡು. ‘ಚೆಂಡಾಟ ನಿಷೇಧ. ಹುಲ್ಲಿನ ಮೇಲೆ ಓಡಬಾರದು. ಕಾರಿಡಾರಿನಲ್ಲಿ ಸೈಕಲ್ ಬಿಡಬಾರದು. ಮಕ್ಕಳು ಕಿರುಚಿದರೆ ಪೋಷಕರಿಗೆ 500 ರೂಪಾಯಿ ದಂಡ.’ ಮಕ್ಕಳು ತಾವಾಗಿ ಕಿರುಚಿದರೆ ದಂಡ. ಬಾಡಿಗೆ ಕೊಟ್ಟು, ಮೈಕ್ ತಂದು, ಕೂಲಿ ಕೊಟ್ಟು ಕಿರುಚಿಸಿದರೆ ರಸೀದಿ. ಬೋರ್ಡಿನ ಮೇಲೆಯೇ ಬಲೂನು ಕಟ್ಟಿದ್ದರು, ಪ್ಲಾಸ್ಟಿಕ್ ಕಡ್ಡಿ ಸಮೇತ. ಪಕ್ಕದಲ್ಲಿ ಥರ್ಮೋಕೋಲಿನ ಡೈನೋಸಾರ್. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮೋಕೋಲು ಎರಡನ್ನೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ್ದಾರೆ. ಆರೂವರೆ ಕೋಟಿ ವರ್ಷದ ಹಿಂದೆ ಇಲ್ಲವಾದ ಪ್ರಾಣಿಯನ್ನೇ ಎಬ್ಬಿಸಿ ನಿಲ್ಲಿಸಿದವರಿಗೆ ಮೊನ್ನೆ ಮೊನ್ನೆ ನಿಷೇಧವಾದ ಕಡ್ಡಿ ಯಾವ ಲೆಕ್ಕ?

ಆಂಕರ್ ಮೈಕ್ ಕೆಳಗಿಳಿಸಿ ನೀರು ಕುಡಿಯಲು ಬಂದ. ಹತ್ತಿರದಿಂದ ನೋಡಿದರೆ ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗ. ಗಂಟಲು ಪೂರ್ತಿ ಒಡೆದಿತ್ತು.

“ಯಾವೂರಪ್ಪಾ?”

“ಚನ್ನರಾಯಪಟ್ಟಣದ ಹತ್ರ ಒಂದು ಹಳ್ಳಿ ಸರ್. ಕೂದಲು ಜಾಸ್ತಿ ಕಿತ್ಬಿಟ್ರಾ? ಸಾರಿ ಸರ್.”

“ಇರ್ಲಿ ಬಿಡು. ನಿಮ್ಮೂರಲ್ಲಿ ನೀನು ಏನು ಆಡ್ತಿದ್ದೆ?”

“ಲಗೋರಿ ಸರ್. ಕೆರೆ-ದಡ. ಮರಕೋತಿ. ಕತ್ತಲಾದ್ರೂ ಬರ್ತಾನೇ ಇರ್ಲಿಲ್ಲ, ಅಮ್ಮ ಕೋಲು ತಗೊಂಡು ಬರೋರು.” ಅಷ್ಟು ಹೇಳಿದವನಿಗೆ ಡ್ಯೂಟಿ ನೆನಪಾಯಿತು. ಜೇಬಿನಿಂದ ಕಾರ್ಡ್ ತೆಗೆದ. “ಅದೂ ಇದೆ ಸರ್, ಪ್ಲಾಟಿನಂನಲ್ಲಿ. ‘ಹಳ್ಳಿ ಆಟಗಳು’ ಅಂತ. ಲಗೋರಿಗೆ ಏಳೂ ಕಲ್ಲು ನಮ್ದೇ. ಸ್ಪಂಜಿಂದು, ಯಾರಿಗೂ ಪೆಟ್ಟಾಗಲ್ಲ.”

“ಮರಕೋತಿಗೆ ಮರ?”

“ಅದು ಕ್ಲೈಂಟ್ ಕಡೆಯಿಂದ ಸರ್.”

ಕೇಕ್ ಕತ್ತರಿಸುವ ಹೊತ್ತಿಗೆ ಬರ್ತ್‌ಡೇ ಹುಡುಗನಿಗೆ ನಿದ್ದೆ ಬಂದಿತ್ತು. ಎಬ್ಬಿಸಿ, ಅವನ ಕೈ ಹಿಡಿದು ಕತ್ತರಿಸಿದರು. ಎಬ್ಬಿಸಿದ್ದಕ್ಕೆ ಅತ್ತ. ಅದರ ಮೇಲೆ ಹಾಡು ಹಾಕಿದರು. ಅಳು ವಿಡಿಯೋದಲ್ಲಿ ಕೇಳಿಸುವುದಿಲ್ಲವಂತೆ.

ಹೊರಡುವಾಗ ಎಲ್ಲರಿಗೂ ರಿಟರ್ನ್ ಗಿಫ್ಟ್. ನನ್ನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಲಿಫ್ಟಿಗೆ ಕಾಯುತ್ತಿದ್ದಾಗ ಹಿಂದಿನಿಂದ ಯಾರೋ ಶಾಲು ಎಳೆದರು. ಎರಡು ಜಡೆಯ ಕಂಡಕ್ಟರಮ್ಮ. ಟಿಶ್ಯೂ ಪೇಪರಿನ ಒಂದು ಸಣ್ಣ ಪೊಟ್ಟಣ ನನ್ನ ಕೈಯಲ್ಲಿಟ್ಟಳು.

“ತಾತ, ನಿಮ್ ಕೂದಲು. ನಾಲ್ಕೂ ಇದೆ, ಎಣಿಸ್ಕೊಳ್ಳಿ.”