ಸಿನಿಮಾ ಬಗ್ಗೆ ಮಾತಾಡಲು ಬಿಡಿ

ಮುಂಬೈನ ಮಾಟುಂಗದಲ್ಲಿ ನಾವು ಕನ್ನಡದ ಗೆಳೆಯರು ಕಾಫಿಗೆ ಸೇರಿದರೆ ಹಾಲಿವುಡ್‌ನ ಸ್ಟಾರ್ ವಾರ್ಸ್ ಸಿನಿಮಾಗಳ ಮಾತು ಬಂದೇ ಬರುತ್ತದೆ. ಅದು ನನಗೆ ಇಷ್ಟವೇ. ಆದರೆ ಆ ಸರಣಿಯ 2017ರ ಸಿನಿಮಾ ‘ದಿ ಲಾಸ್ಟ್ ಜೆಡೈ’ ಹೆಸರು ಬಂದ ಕೂಡಲೇ ಮಾತು ಹೋಗಿ ಜಗಳ ಶುರು. ಚೆನ್ನಾಗಿದೆ ಅಂದರೆ ನೀನು ನಿಜವಾದ ಅಭಿಮಾನಿ ಅಲ್ಲ. ಚೆನ್ನಾಗಿಲ್ಲ ಅಂದರೆ ನಿನಗೆ ಹೊಸದು ಯಾವುದೂ ಹಿಡಿಸುವುದಿಲ್ಲ. ನಡುವೆ ನಿಲ್ಲಲು ಜಾಗವೇ ಇಲ್ಲ.

ಹಳೆಯ ಸಿನಿಮಾಗಳ ನಾಯಕ ಲ್ಯೂಕ್ ಸ್ಕೈವಾಕರ್ ಇದರಲ್ಲಿ ತನ್ನ ಹಳೆಯ ಲೈಟ್‌ಸೇಬರನ್ನು, ಅಂದರೆ ಬೆಳಕಿನ ಕತ್ತಿಯನ್ನು, ಹೆಗಲ ಹಿಂದಕ್ಕೆ ಎಸೆಯುತ್ತಾನಲ್ಲ, ಅದನ್ನೇ ತೆಗೆದುಕೊಳ್ಳಿ. ಸೋದರಳಿಯ ಕೈತಪ್ಪಿ ಕೆಟ್ಟವರ ಕಡೆ ಹೋದ ಮೇಲೆ ಮನಸ್ಸು ಮುರಿದವನು ಹಾಗೆ ಮಾಡಬಹುದು ಅಂತ ನನಗನಿಸುತ್ತದೆ. ಅದೇ ಸಿನಿಮಾದಲ್ಲಿ ಕ್ಯಾಸಿನೊ ಊರಿನ ಭಾಗ ಜಾಸ್ತಿಯಾಯಿತು, ಕಥೆಯ ಓಟ ಅಲ್ಲಿ ಕುಂಟುತ್ತದೆ. ಈ ಎರಡನ್ನೂ ಒಬ್ಬನೇ ಹೇಳಬಾರದಾ? ಲ್ಯೂಕ್‌ನ ಈ ರೂಪವನ್ನು ಆ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಅವರೇ ಮೊದಲು ಒಪ್ಪಿರಲಿಲ್ಲ. ಆದರೂ ಎಷ್ಟು ಮನಸ್ಸಿಟ್ಟು ನಟಿಸಿದ್ದಾರೆ! ಆ ಕಣ್ಣುಗಳ ಬಗ್ಗೆ ಒಂದು ಮಾತಾಡೋಣ ಅಂದರೆ ಯಾರಿಗೂ ಬೇಡ.

ಎಲ್ಲಕ್ಕಿಂತ ಸಿಟ್ಟು ಬರುವುದು ಇದೇ ಸಿನಿಮಾದ ರೋಸ್ ಪಾತ್ರದ ವಿಷಯಕ್ಕೆ. ಆ ನಟಿ ಕೆಲ್ಲಿ ಮೇರಿ ಟ್ರಾನ್ ಅವರಿಗೆ ಜನ ಎಷ್ಟು ಕಾಟ ಕೊಟ್ಟರು ಅಂದರೆ, 2018ರಲ್ಲಿ ಅವರು ಇನ್‌ಸ್ಟಾಗ್ರಾಮ್‌ನ ಪೋಸ್ಟ್‌ಗಳನ್ನೆಲ್ಲ ಅಳಿಸಿದರು. ಪಾತ್ರ ಬರೆದವರು ಅವರಲ್ಲ ಅಲ್ವಾ? ಗೊತ್ತಿದ್ದೂ ನಮ್ಮವರು ಡೊಂಬಿವಲಿ ಲೋಕಲ್ ರೈಲು ಹತ್ತುವ ತನಕ ಅವರನ್ನೇ ಆಡಿಕೊಳ್ಳುತ್ತಾರೆ. ಅದನ್ನು ಕೇಳಿಕೊಂಡು ಸುಮ್ನೆ ಕೂರಲು ನನ್ನಿಂದ ಆಗುವುದಿಲ್ಲ.